ಪೋಸ್ಟ್‌ಪೋನ್ ಅನ್ನೋದಾ, ಪುಟ್ ಆಫ್ ಅನ್ನೋದಾ? ಫ್ರೇಸಲ್ ವರ್ಬ್ ಆರಿಸಿಕೊಳ್ಳುವ ಬಗೆ

ಇಂಗ್ಲಿಷ್ ಪತ್ರಿಕೆಯನ್ನು ಸರಾಗವಾಗಿ ಓದುವ, ಆಫೀಸಿನ ಇಮೇಲ್ ತಪ್ಪಿಲ್ಲದೆ ಬರೆಯುವ ಎಷ್ಟೋ ಜನ ಬಾಯಿ ಬಿಟ್ಟು ಮಾತಾಡಬೇಕಾದಾಗ ತಡವರಿಸುತ್ತಾರೆ. ವ್ಯಾಕರಣ ಬರಲ್ಲ ಅಂತಲ್ಲ. ನಮಗೆ ಶಾಲೆಯಲ್ಲಿ ಸಿಕ್ಕಿದ್ದು ಪಾಠದ ಇಂಗ್ಲಿಷ್. ಅದರಲ್ಲಿ ಪೋಸ್ಟ್‌ಪೋನ್, ಡಿಸ್ಕವರ್, ರಿಮೂವ್, ಟಾಲರೇಟ್, ಇನ್ವೆಸ್ಟಿಗೇಟ್ ಇರುತ್ತವೆ. ಮನೆಯಲ್ಲೇ ಇಂಗ್ಲಿಷ್ ಆಡಿ ಬೆಳೆದವರು ಇದೇ ಕೆಲಸಗಳಿಗೆ ಪುಟ್ ಆಫ್, ಫೈಂಡ್ ಔಟ್, ಟೇಕ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು ಅನ್ನುತ್ತಾರೆ. ಅವರ ಮಾತು ನಮಗೆ ಅರ್ಥವಾಗುತ್ತದೆ. ಆದರೆ ನಮ್ಮ ಬಾಯಿಗೆ ಆ ಪದಗಳು ಸಮಯಕ್ಕೆ ಬರುವುದಿಲ್ಲ.

ಎರಡೂ ಸರಿಯಾದ ಇಂಗ್ಲಿಷೇ. ಹಾಗಾದರೆ ಎಲ್ಲಿ ಯಾವುದು? ಈ ಬರಹ ಅದಕ್ಕಾಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಫ್ರೇಸಲ್ ವರ್ಬ್ ಅಂದರೆ ಹರಟೆಗೆ, ಒಂದೇ ಪದದ ಕ್ರಿಯಾಪದ ಅಂದರೆ ಬರವಣಿಗೆಗೆ" ಅಂತ ಕೋಚಿಂಗ್ ತರಗತಿಗಳಲ್ಲಿ ಹೇಳಿಕೊಡುತ್ತಾರಲ್ಲ, ಅದು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದಿದ್ದರೆ ಆಯ್ಕೆ ತಪ್ಪುತ್ತದೆ.

ಎರಡು ಬಗೆಯ ಪದ ಯಾಕಿವೆ

ಫ್ರೇಸಲ್ ವರ್ಬ್ ಅಂದರೆ ಒಂದು ಸಣ್ಣ ಕ್ರಿಯಾಪದ, ಅದರ ಪಕ್ಕ ಅಪ್, ಆಫ್, ಔಟ್, ಆನ್, ಡೌನ್ ತರಹದ ಒಂದು ಪುಟ್ಟ ಪದ. ಎರಡೂ ಸೇರಿದಾಗ ಅರ್ಥ ಬದಲಾಗುತ್ತದೆ. ಗಿವ್ ಅಂದರೆ ಕೊಡು. ಗಿವ್ ಅಪ್ ಅಂದರೆ ಬಿಟ್ಟುಬಿಡು. ಕೊಡುವುದಕ್ಕೂ ಬಿಡುವುದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಂಡರೆ ಮುಂದೆ ಹೋಗುವುದೇ ಇಲ್ಲ.

ಈ ಸಣ್ಣ ಕ್ರಿಯಾಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಹಳೆಯ ಮನೆಮಾತಿನವು. ಉದ್ದುದ್ದ ಪದಗಳಲ್ಲಿ ಬಹಳಷ್ಟು ಫ್ರೆಂಚ್ ಮತ್ತು ಲ್ಯಾಟಿನ್‌ನಿಂದ ಬಂದವು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ಕೋರ್ಟು, ಕಡತಗಳಲ್ಲಿ ಫ್ರೆಂಚ್ ಕೂತಿತು. ಲ್ಯಾಟಿನ್ ಮೊದಲೇ ಚರ್ಚಿನಲ್ಲಿತ್ತು, ವಿದ್ಯೆಯ ಜೊತೆ ಇನ್ನಷ್ಟು ಬಂತು. ಹೊಲ, ಅಡುಗೆಮನೆ, ಬೀದಿಯಲ್ಲಿ ಹಳೆಯ ಮಾತೇ ಉಳಿಯಿತು. ಹಾಗಾಗಿ ಇಂದಿಗೂ ಒಂದೇ ಕೆಲಸಕ್ಕೆ ಮನೆಯ ಪದ ಒಂದು, ಕಚೇರಿಯ ಪದ ಒಂದು ಇವೆ.

ಹೊರಗಿನವರಿಗೆ ಇದು ಕಷ್ಟ ಅನ್ನುವುದೂ ಹೊಸ ವಿಷಯವಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟು ಹೊರತಂದಾಗ ಮುನ್ನುಡಿಯಲ್ಲೇ ಇದನ್ನು ಬರೆದರು. ಕ್ರಿಯಾಪದದ ಹಿಂದೆ ಪುಟ್ಟ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ವಿದೇಶಿಯರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕು ಅಂತ. ಹಾಗಾಗಿ ತಡವರಿಸುವವರು ಬೇಜಾರು ಮಾಡಿಕೊಳ್ಳಬೇಕಿಲ್ಲ.

ಆದರೆ ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ನಮ್ಮಲ್ಲೂ ಇದೇ ಕೆಲಸ ನಡೆಯುತ್ತದೆ. ಇಂಗ್ಲಿಷ್ ಪುಟ್ಟ ಪದ ಅಂಟಿಸುತ್ತದೆ, ನಾವು ಕ್ರಿಯಾಪದದ ಕೊನೆಗೆ ಇನ್ನೊಂದು ಕ್ರಿಯಾಪದ ಅಂಟಿಸುತ್ತೇವೆ. ತಿನ್ನು ಬೇರೆ, ತಿಂದುಬಿಡು ಬೇರೆ. ಆ "ಬಿಡು" ಮಾಡುವ ಕೆಲಸವನ್ನೇ "ಈಟ್ ಅಪ್"ನಲ್ಲಿ ಅಪ್ ಮಾಡುತ್ತದೆ, ಪೂರ್ತಿ ಮುಗಿಸು ಅಂತ. ಬರೆದಿಟ್ಟುಕೋ ಅಂದರೆ "ರೈಟ್ ಇಟ್ ಡೌನ್". ಎತ್ತಿಡು ಅಂದರೆ "ಪುಟ್ ಇಟ್ ಅವೇ". ಬಟ್ಟೆ ಅಂಗಡಿಯಲ್ಲಿ "ಹಾಕಿ ನೋಡಿ ಮೇಡಂ" ಅನ್ನುತ್ತಾರಲ್ಲ, ಅದು "ಟ್ರೈ ಇಟ್ ಆನ್". ಗಾಡಿ ಕೆಟ್ಟುಹೋಯ್ತು ಅಂದರೆ "ಬ್ರೋಕ್ ಡೌನ್". ನಾವು ದಿನವಿಡೀ ಇಂಥವನ್ನು ಯೋಚಿಸದೇ ಆಡುತ್ತೇವೆ. ಕನ್ನಡದಲ್ಲಿ ಬಿಡು, ಕೋ, ಇಡು, ಹೋಗು, ನೋಡು ಅಂಟಿದ ಕಡೆಯೆಲ್ಲ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಇರಬಹುದಾ ಅಂತ ಹುಡುಕಿ ನೋಡಿ. ಎಲ್ಲ ಸಲ ಅಲ್ಲದಿದ್ದರೂ ಎಷ್ಟೋ ಸಲ ಸಿಗುತ್ತದೆ.

ಮೊದಲ ಆಯ್ಕೆ: ಮನೆಯ ಪದವೋ, ಕಚೇರಿಯ ಪದವೋ

ಪೋಸ್ಟ್‌ಪೋನ್ ಮತ್ತು ಪುಟ್ ಆಫ್ ಇಟ್ಟುಕೊಂಡೇ ನೋಡೋಣ. ಮೀಟಿಂಗ್ ಗುರುವಾರಕ್ಕೆ ಹೋಯಿತು ಅಂತ ಹತ್ತು ಜನಕ್ಕೆ ಇಮೇಲ್ ಮಾಡುವಾಗ "ದಿ ಮೀಟಿಂಗ್ ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್ ಟು ಥರ್ಸ್‌ಡೇ" ಚೆನ್ನಾಗಿದೆ. ಪಕ್ಕದ ಸೀಟಿನವರನ್ನು ಕೇಳುವಾಗ "ಕ್ಯಾನ್ ವಿ ಪುಟ್ ಇಟ್ ಆಫ್ ಟಿಲ್ ಥರ್ಸ್‌ಡೇ?" ಅಂದರೆ ಹಗುರವಾಗಿ ಕೇಳುತ್ತದೆ. ಇಲ್ಲಿಗೆ ಕೋಚಿಂಗ್‌ನವರ ಮಾತು ಸರಿ.

ಈಗ ಇನ್ನೊಂದು ಸಂದರ್ಭ. ಹಲ್ಲು ನೋವು. ಡಾಕ್ಟರ ಹತ್ತಿರ ಹೋಗಬೇಕು. ಇವತ್ತು ಬೇಡ, ನಾಳೆ ಬೇಡ ಅಂತ ತಿಂಗಳು ತಳ್ಳಿದ್ದಾಯಿತು. ಇದಕ್ಕೆ "ಐ ಹ್ಯಾವ್ ಬೀನ್ ಪುಟಿಂಗ್ ಇಟ್ ಆಫ್" ಅನ್ನಬೇಕು. ಪೋಸ್ಟ್‌ಪೋನ್ ಅಂದರೆ ತಪ್ಪಾಗುವುದಿಲ್ಲ, ಆದರೆ ಭಾವ ಬರುವುದಿಲ್ಲ. ಪೋಸ್ಟ್‌ಪೋನ್‌ನಲ್ಲಿ ಹೊಸ ದಿನಾಂಕ ಗೊತ್ತುಮಾಡಿದ ಹಾಗೆ ಕೇಳುತ್ತದೆ. ಪುಟ್ ಆಫ್‌ನಲ್ಲಿ ಮನಸ್ಸಿಲ್ಲದೆ ತಳ್ಳಿಕೊಂಡು ಬಂದದ್ದು ಕೇಳುತ್ತದೆ. ಮುಂದೂಡುವುದು ಬೇರೆ, ತಳ್ಳಿಕೊಂಡು ಬರುವುದು ಬೇರೆ ಅಲ್ವಾ? ಹಾಗಾಗಿ ಎರಡು ಪದ ಒಂದೇ ಅರ್ಥ ಅಂತ ಪಟ್ಟಿಯಲ್ಲಿ ಅಕ್ಕಪಕ್ಕ ಬರೆದಿದ್ದರೆ ಪೂರ್ತಿ ನಂಬಬೇಡಿ.

ಈಗ ಆ ಉಳಿದರ್ಧ. ಫ್ರೇಸಲ್ ವರ್ಬ್ ಅಂದರೆ ಹಗುರ ಮಾತು ಅನ್ನುವುದನ್ನು ಒಂದೇ ಉದಾಹರಣೆ ಕೆಡವುತ್ತದೆ. ಯಾರದ್ದೋ ತಂದೆ ತೀರಿಕೊಂಡಿದ್ದಾರೆ. "ಹಿಸ್ ಫಾದರ್ ಡೈಡ್" ಒಂದೇ ಪದ, ನೇರ, ಕೆಲವು ಸಲ ಒರಟು. "ಹಿಸ್ ಫಾದರ್ ಎಕ್ಸ್‌ಪೈರ್ಡ್" ಅಂತ ನಮ್ಮಲ್ಲಿ ಗೌರವಕ್ಕೆಂದೇ ಹೇಳುತ್ತಾರೆ, ಆದರೆ ಲಂಡನ್ನಿನಲ್ಲೋ ಶಿಕಾಗೋದಲ್ಲೋ ಕೇಳುವವರಿಗೆ ಔಷಧಿಯ ಬಾಟಲಿ, ಲೈಸೆನ್ಸು ನೆನಪಾಗುತ್ತದೆ. ಅಲ್ಲಿ ಮೃದುವಾದ, ಮರ್ಯಾದೆಯ ಮಾತು "ಪಾಸ್ಡ್ ಅವೇ". ಸಂತಾಪದ ಪತ್ರದಲ್ಲೂ ಧಾರಾಳವಾಗಿ ಬಳಸಬಹುದು. ನಮ್ಮ "ತೀರಿಕೊಂಡರು" ಕೂಡ ಅಂಥದ್ದೇ, ಬಾಲಕ್ಕೆ "ಕೊಳ್ಳು" ಅಂಟಿದ ಮಾತು.

ಕೋರ್ಟಿನ ಇಂಗ್ಲಿಷ್ ನೋಡಿ. ಅದಕ್ಕಿಂತ ಬಿಗಿಯಾದ ಇಂಗ್ಲಿಷ್ ನಮ್ಮ ದೇಶದಲ್ಲಿ ಎಲ್ಲಿದೆ? ಅಲ್ಲಿ ಕೆಳಗಿನ ಕೋರ್ಟಿನ ಆದೇಶವನ್ನು ಮೇಲಿನ ಕೋರ್ಟು "ಸೆಟ್ ಅಸೈಡ್" ಮಾಡುತ್ತದೆ. ಸಂವಿಧಾನಕ್ಕೆ ಹೊಂದದ ಕಾನೂನನ್ನು "ಸ್ಟ್ರೈಕ್ ಡೌನ್" ಮಾಡುತ್ತದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಮಾಡಿದಾಗ ಇಂಗ್ಲಿಷ್ ಪತ್ರಿಕೆಗಳ ತಲೆಬರಹದಲ್ಲಿ ಇದ್ದದ್ದು "ಸ್ಟ್ರೈಕ್ಸ್ ಡೌನ್". ಸಂಶೋಧನೆಯನ್ನು "ಕ್ಯಾರಿ ಔಟ್" ಮಾಡುತ್ತಾರೆ, ಸಮಿತಿಯನ್ನು "ಸೆಟ್ ಅಪ್" ಮಾಡುತ್ತಾರೆ, ತಪ್ಪನ್ನು "ಪಾಯಿಂಟ್ ಔಟ್" ಮಾಡುತ್ತಾರೆ. ಪಿಎಚ್‌ಡಿ ಪ್ರಬಂಧದಲ್ಲೂ ಇವಕ್ಕೆ ಜಾಗ ಇದೆ.

ಹಾಗಾಗಿ ಮಾತೋ ಬರಹವೋ ಅಂತ ಕೇಳಿಕೊಳ್ಳುವುದಕ್ಕಿಂತ, ಈ ಪದವನ್ನು ಇಂಥ ಜಾಗದಲ್ಲಿ ಬೇರೆಯವರು ಬಳಸುತ್ತಾರಾ ಅಂತ ನೋಡಿ. "ಫೈಂಡ್ ಔಟ್" ಸ್ನೇಹಿತರ ಹತ್ತಿರವೂ ಸರಿ, ಮ್ಯಾನೇಜರ್ ಹತ್ತಿರವೂ ಸರಿ. "ಮೆಸ್ ಅಪ್" ಸ್ನೇಹಿತರ ಹತ್ತಿರ ಮಾತ್ರ. "ಲುಕ್ ಇನ್‌ಟು" ಮಧ್ಯದ್ದು. ಗ್ರಾಹಕರು ದೂರು ಕೊಟ್ಟಾಗ "ವಿ ವಿಲ್ ಲುಕ್ ಇನ್‌ಟು ಇಟ್" ಅಂದರೆ ಗಮನಿಸುತ್ತೇವೆ ಅನ್ನುವ ಭರವಸೆ. "ವಿ ವಿಲ್ ಇನ್ವೆಸ್ಟಿಗೇಟ್" ಅಂದರೆ ತನಿಖೆಯ ವಾಸನೆ ಬರುತ್ತದೆ. ಹಣ ಕಳೆದುಹೋಗಿದ್ದರೆ ಎರಡನೆಯದೇ ಸರಿ. ಕೊರಿಯರ್ ತಡವಾಗಿದ್ದರೆ ಮೊದಲನೆಯದು ಸಾಕು.

ಕೆಲವು ಕಡೆ ಆಯ್ಕೆಯೇ ಇಲ್ಲ. ಗೆಟ್ ಅಪ್, ರನ್ ಔಟ್ ಆಫ್, ಲುಕ್ ಫಾರ್ವರ್ಡ್ ಟು ಇವಕ್ಕೆ ದಿನಬಳಕೆಯಲ್ಲಿ ನಡೆಯುವ ಒಂಟಿ ಪದ ಇಲ್ಲ. "ಐ ರೈಸ್ ಅಟ್ ಸಿಕ್ಸ್" ಅಂತ ಯಾರೂ ಅನ್ನುವುದಿಲ್ಲ. ಕಲಿಯುವವರು ಮೊದಲು ಕೈಹಾಕಬೇಕಾದದ್ದು ಇಂಥವಕ್ಕೇ.

ಕೇಳುವವರು ಯಾರು?

ಇದನ್ನು ಬಹಳ ಜನ ಮರೆಯುತ್ತಾರೆ. ಬೆಂಗಳೂರಿನ ಆಫೀಸಿನಿಂದ ಜಪಾನ್, ಜರ್ಮನಿ, ಬ್ರೆಜಿಲ್‌ನವರ ಜೊತೆ ಕಾಲ್‌ನಲ್ಲಿ ಇರುವವರು ನಿಮ್ಮಲ್ಲಿ ಎಷ್ಟೋ ಜನ ಇರಬಹುದು. ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಅವರ ಹತ್ತಿರ "ಲೆಟ್ಸ್ ನಾಟ್ ಪುಟ್ ದಿಸ್ ಆಫ್, ವಿ ಮೇ ರನ್ ಇನ್‌ಟು ಇಶ್ಯೂಸ್" ಅಂದರೆ ಅರ್ಥ ಜಾರಿಹೋಗಬಹುದು. ಅಲ್ಲಿ "ಡಿಲೇ", "ಪ್ರಾಬ್ಲಂ" ಸಾಕು. ಬ್ರೆಜಿಲ್, ಸ್ಪೇನ್, ಫ್ರಾನ್ಸ್‌ನವರ ಭಾಷೆಯೇ ಲ್ಯಾಟಿನ್ ಮೂಲದ್ದು, ಅವರಿಗೆ ಟಾಲರೇಟ್ ತಕ್ಷಣ ತಿಳಿಯುತ್ತದೆ, ಪುಟ್ ಅಪ್ ವಿತ್ ತಿಳಿಯದೇ ಹೋಗಬಹುದು. ಮ್ಯಾಂಚೆಸ್ಟರ್‌ನವರ ಜೊತೆ ಇದ್ದಾಗ ಉಲ್ಟಾ. ಅಲ್ಲಿ ಬರೀ ಉದ್ದ ಪದಗಳಲ್ಲೇ ಮಾತಾಡಿದರೆ ನೀವು ನೋಟಿಸು ಓದುತ್ತಿರುವ ಹಾಗೆ ಕೇಳಿಸುತ್ತದೆ.

ಪದದ ಆಯ್ಕೆ ಜೀವದ ಪ್ರಶ್ನೆಯಾಗುವ ಜಾಗವೂ ಇದೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನದಿಂದ "ವಿ ಆರ್ ನೌ ಅಟ್ ಟೇಕ್ ಆಫ್" ಅನ್ನುವ ಮಾತು ರೇಡಿಯೋದಲ್ಲಿ ಬಂತು. ಏರಲು ಸಿದ್ಧವಾಗಿ ನಿಂತಿದ್ದಾರೆ ಅಂತ ಕಂಟ್ರೋಲ್ ಟವರ್‌ನವರು ತಿಳಿದರು. ಆದರೆ ವಿಮಾನ ಆಗಲೇ ಓಡಲು ಶುರುಮಾಡಿತ್ತು. ದುರಂತಕ್ಕೆ ಬೇರೆ ಕಾರಣಗಳೂ ಸೇರಿದ್ದವು. ಆಮೇಲೆ ವಿಮಾನಯಾನದಲ್ಲಿ ನಿಯಮ ಬಂತು. "ಟೇಕ್ ಆಫ್" ಅನ್ನುವುದನ್ನು ಏರಲು ನಿಜವಾಗಿ ಅನುಮತಿ ಕೊಡುವಾಗ ಅಥವಾ ಆ ಅನುಮತಿ ರದ್ದುಮಾಡುವಾಗ ಮಾತ್ರ ಹೇಳಬೇಕು. ಬೇರೆಲ್ಲ ಕಡೆ "ಡಿಪಾರ್ಚರ್" ಅನ್ನಬೇಕು. ನಾವು ಏರ್‌ಪೋರ್ಟಿನಲ್ಲಿ ಕೂತು ಮನೆಗೆ ಮೆಸೇಜ್ ಮಾಡುವಾಗ "ಟೇಕಿಂಗ್ ಆಫ್ ನೌ" ಅನ್ನಬಹುದು. ಪೈಲಟ್‌ಗೆ ಆ ಸ್ವಾತಂತ್ರ್ಯ ಇಲ್ಲ.

ಕನ್ನಡದ ಅಚ್ಚಿನ ಇಂಗ್ಲಿಷೋ, ಫ್ರೇಸಲ್ ವರ್ಬೋ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಆಯ್ಕೆ ಇದು. ನಮ್ಮ ನಿಜವಾದ ಪೈಪೋಟಿ ಪೋಸ್ಟ್‌ಪೋನ್‌ಗೂ ಪುಟ್ ಆಫ್‌ಗೂ ಅಲ್ಲ. ಫ್ರೇಸಲ್ ವರ್ಬ್ ಬರದ ಕಡೆ ನಾವು ಕನ್ನಡದ ಕ್ರಿಯಾಪದವನ್ನೇ ಇಂಗ್ಲಿಷಿಗೆ ಎತ್ತಿ ಇಡುತ್ತೇವೆ. ಪೈಪೋಟಿ ಇರುವುದು ಅದರ ಜೊತೆ.

ಸಕ್ಕರೆ ಖಾಲಿ ಆಗಿದೆ. ಬಾಯಿಗೆ ಬರುವುದು "ಶುಗರ್ ಈಸ್ ಓವರ್". ಇಂಗ್ಲಿಷಿನಲ್ಲಿ ಓವರ್ ಆಗುವುದು ಸಿನಿಮಾ, ಕ್ಲಾಸು, ಮ್ಯಾಚು, ಅಂದರೆ ಹೊತ್ತಿನ ಲೆಕ್ಕ ಇರುವಂಥವು. ಸಾಮಾನು ಮುಗಿದರೆ "ವಿ ಹ್ಯಾವ್ ರನ್ ಔಟ್ ಆಫ್ ಶುಗರ್". ಇಲ್ಲಿ ಗಮನಿಸಿ, ಕನ್ನಡದಲ್ಲಿ ಖಾಲಿ ಆಗುವುದು ಸಕ್ಕರೆ, ಇಂಗ್ಲಿಷಿನಲ್ಲಿ ರನ್ ಔಟ್ ಆಗುವವರು ನಾವು. ಕರ್ತೃವೇ ಬದಲು. "ಶುಗರ್ ಹ್ಯಾಸ್ ರನ್ ಔಟ್" ಅಂತಲೂ ಹೇಳಬಹುದು, ಆಗ "ಆಫ್" ಇರುವುದಿಲ್ಲ. ಗ್ಯಾಸು, ಪೆಟ್ರೋಲು, ದುಡ್ಡು, ತಾಳ್ಮೆ ಎಲ್ಲಕ್ಕೂ ಇದೇ.

ಬಸ್ ಇಳಿಯುವುದು. "ಐ ವಿಲ್ ಗೆಟ್ ಡೌನ್ ಅಟ್ ಮೆಜೆಸ್ಟಿಕ್" ಅಂತ ಕರ್ನಾಟಕದಲ್ಲಿ ಎಲ್ಲರೂ ಅನ್ನುತ್ತಾರೆ, ಎಲ್ಲರಿಗೂ ತಿಳಿಯುತ್ತದೆ, ಕಂಡಕ್ಟರ್‌ಗೆ ಹಾಗೆಯೇ ಹೇಳಿ. ಹೊರದೇಶದವರಿಗೆ ಗೆಟ್ ಡೌನ್ ಅಂದರೆ ಮರದಿಂದಲೋ ಏಣಿಯಿಂದಲೋ ಇಳಿದ ಹಾಗೆ. ಬಸ್ಸು, ರೈಲು, ಮೆಟ್ರೋ, ವಿಮಾನ ಇವಕ್ಕೆ "ಗೆಟ್ ಆನ್", "ಗೆಟ್ ಆಫ್". ಕಾರು, ಆಟೋಗೆ "ಗೆಟ್ ಇನ್", "ಗೆಟ್ ಔಟ್". ಒಳಗೆ ಎದ್ದು ಓಡಾಡಬಹುದಾದ ಗಾಡಿಗೆ ಆನ್ ಆಫ್, ಬಗ್ಗಿ ತೂರಿಕೊಂಡು ಕೂರುವ ಗಾಡಿಗೆ ಇನ್ ಔಟ್ ಅಂತ ನೆನಪಿಟ್ಟುಕೊಂಡರೆ ಬಹುಪಾಲು ಸರಿಹೋಗುತ್ತದೆ. ಬೈಕು, ಸೈಕಲ್ಲು, ಕುದುರೆಗೆ ಮೇಲೆ ಹತ್ತಿ ಕೂರುವುದರಿಂದ ಮತ್ತೆ ಆನ್ ಆಫ್. ಇದಕ್ಕೆ ಬೋರ್ಡ್, ಅಲೈಟ್ ಅನ್ನುವ ಕಚೇರಿಯ ಪದಗಳೂ ಇವೆ, ಆದರೆ ಅವು ಫಲಕಕ್ಕೆ, ಧ್ವನಿವರ್ಧಕಕ್ಕೆ. ಪಕ್ಕದವರನ್ನು "ವೇರ್ ಆರ್ ಯು ಅಲೈಟಿಂಗ್?" ಅಂತ ಕೇಳುವುದು ಬೇಡ.

ಫೋನಿನ ವಿಷಯ ಇನ್ನೂ ಸ್ವಾರಸ್ಯ. ನಾವು "ಇಡ್ತೀನಿ" ಅನ್ನುತ್ತೇವೆ, ಹಾಗಾಗಿ "ಐ ವಿಲ್ ಕೀಪ್ ದಿ ಫೋನ್" ಅಂತ ಬರುತ್ತದೆ. ಕೇಳುವವರಿಗೆ ಫೋನನ್ನು ನಾವೇ ಇಟ್ಟುಕೊಳ್ಳುತ್ತೇವೆ, ವಾಪಸ್ ಕೊಡುವುದಿಲ್ಲ ಅನ್ನುವ ಅರ್ಥ. ಸರಿಯಾದದ್ದು "ಹ್ಯಾಂಗ್ ಅಪ್". ಆದರೆ ಮಾತು ಮುಗಿಸುವಾಗ "ಐ ವಿಲ್ ಹ್ಯಾಂಗ್ ಅಪ್ ನೌ" ಅನ್ನುವುದು ಕೂಡ ಸ್ವಲ್ಪ ಬಿರುಸು. ಅವರು "ಐ ಹ್ಯಾವ್ ಟು ಗೋ, ಟಾಕ್ ಟು ಯು ಲೇಟರ್" ಅಂತ ಮುಗಿಸುತ್ತಾರೆ. ಯಾರಾದರೂ ಸಿಟ್ಟಿನಿಂದ ಫೋನ್ ಕುಕ್ಕಿದರೆ "ಶಿ ಹಂಗ್ ಅಪ್ ಆನ್ ಮಿ". ಲೈನ್ ತಾನಾಗಿಯೇ ಹೋದರೆ "ವಿ ಗಾಟ್ ಕಟ್ ಆಫ್". ನಾವು ಮೂರಕ್ಕೂ "ಕಾಲ್ ಕಟ್ ಆಯ್ತು" ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಮೂರೂ ಬೇರೆ, ಒಂದರ ಬದಲು ಇನ್ನೊಂದು ಹೇಳಿದರೆ ಆರೋಪ ಹೊರಿಸಿದ ಹಾಗಾಗುತ್ತದೆ. ಇನ್ನು "ಹ್ಯಾಂಗ್ ಆನ್" ಅಂದರೆ ಒಂದು ನಿಮಿಷ ಇರಿ ಅಂತ. ಗ್ರಾಹಕ ಸೇವೆಯಲ್ಲಿ ಕೆಲಸ ಮಾಡುವವರು ಹ್ಯಾಂಗ್ ಆನ್ ಮತ್ತು ಹ್ಯಾಂಗ್ ಅಪ್ ಅದಲುಬದಲಾಗದಂತೆ ನೋಡಿಕೊಳ್ಳಲೇಬೇಕು. ಅನುಮಾನ ಇದ್ದರೆ "ಪ್ಲೀಸ್ ಹೋಲ್ಡ್" ಸುರಕ್ಷಿತ.

ವಿಷಯ ಗೊತ್ತಾಯ್ತು ಅನ್ನುವುದಕ್ಕೆ "ಐ ಕೇಮ್ ಟು ನೋ" ನಮ್ಮೆಲ್ಲರ ಬಾಯಲ್ಲಿದೆ. "ಐ ಫೌಂಡ್ ಔಟ್" ಅಂದರೆ ಚಿಕ್ಕದೂ ಹೌದು, ಸಹಜವೂ ಹೌದು. ವಸ್ತು ಸಿಕ್ಕರೆ ಬರೀ ಫೌಂಡ್, ವಿಷಯ ತಿಳಿದರೆ ಫೌಂಡ್ ಔಟ್. "ಐ ಫೌಂಡ್ ಮೈ ಕೀಸ್." "ಐ ಫೌಂಡ್ ಔಟ್ ದಟ್ ದಿ ಬ್ಯಾಂಕ್ ಈಸ್ ಕ್ಲೋಸ್ಡ್." ಸಿಗರೇಟ್ ಬಿಟ್ಟೆ ಅನ್ನುವುದು "ಐ ಲೆಫ್ಟ್ ಸ್ಮೋಕಿಂಗ್" ಅಲ್ಲ, "ಐ ಗೇವ್ ಅಪ್ ಸ್ಮೋಕಿಂಗ್". ಗಾಡಿ ರಿಪೇರಿ ಆಗಿದೆ ಅಂತ ನಾವು ಕೆಟ್ಟದ್ದಕ್ಕೂ ಅನ್ನುತ್ತೇವೆ, ಸರಿಯಾದದ್ದಕ್ಕೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ "ರಿಪೇರ್ಡ್" ಅಂದರೆ ಸರಿಯಾಯ್ತು ಅಂತ ಮಾತ್ರ. ಕೆಟ್ಟಿದ್ದರೆ "ಬ್ರೋಕ್ ಡೌನ್".

ಕನ್ನಡದ ಅಚ್ಚಿನ ಇಂಗ್ಲಿಷನ್ನು ನಾನು ಕೀಳು ಅಂತ ಹೇಳುತ್ತಿಲ್ಲ. ನಮ್ಮೂರಲ್ಲಿ ನಮ್ಮ ನಡುವೆ ಅದು ಕೆಲಸ ಮಾಡುತ್ತದೆ. ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ನಾವು ಅನ್ನುವ ಪ್ರೀಪೋನ್ ಅನ್ನೇ ನೋಡಿ, ಭಾರತದ ಬಳಕೆ ಅಂತ ಗುರುತಿಸಿ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿಸಿದ್ದಾರೆ. ಬ್ರಿಟನ್ನಿನಲ್ಲಿ ಅದಕ್ಕೆ "ಬ್ರಿಂಗ್ ಫಾರ್ವರ್ಡ್" ಅನ್ನುತ್ತಾರೆ. ಹಾಗಂತ "ಮೂವ್ ಫಾರ್ವರ್ಡ್" ಅಂದರೆ ಕೆಲವರಿಗೆ ಮೊದಲೇ ಆಗುತ್ತದೆ ಅಂತ, ಕೆಲವರಿಗೆ ಮುಂದಕ್ಕೆ ಹೋಯಿತು ಅಂತ ಕೇಳುತ್ತದೆ. ಇಂಗ್ಲಿಷ್ ಮಾತೃಭಾಷೆಯವರಲ್ಲೇ ಈ ಗೊಂದಲ ಇದೆ. ಯಾವ ಪದ ಬಳಸಿದರೂ ಪಕ್ಕದಲ್ಲಿ ದಿನ, ಸಮಯ ಹೇಳಿಬಿಡಿ.

ಊರು ಬದಲಾದರೆ ಅರ್ಥ ಬದಲಾಗುವ ಇನ್ನೆರಡು. "ಐ ಪಾಸ್ಡ್ ಔಟ್ ಇನ್ 2015" ಅಂದರೆ ನಮಗೆ ಡಿಗ್ರಿ ಮುಗಿಸಿದ್ದು, ಅಮೆರಿಕದವರಿಗೆ ಪ್ರಜ್ಞೆ ತಪ್ಪಿ ಬಿದ್ದದ್ದು. ಬಯೋಡೇಟಾದಲ್ಲಿ "ಗ್ರ್ಯಾಜುಯೇಟೆಡ್" ಅಂತ ಬರೆಯಿರಿ, ಇಲ್ಲಿ ಒಂಟಿ ಪದವೇ ಗೆಲ್ಲುತ್ತದೆ. ಅರ್ಜಿ ತುಂಬುವುದು ಬ್ರಿಟನ್ನಿನಲ್ಲಿ "ಫಿಲ್ ಇನ್", ಅಮೆರಿಕದಲ್ಲಿ "ಫಿಲ್ ಔಟ್", ನಮ್ಮಲ್ಲಿ "ಫಿಲ್ ಅಪ್". ನಮ್ಮ ಫಿಲ್ ಅಪ್ ಅವರಿಗೆ ಪೆಟ್ರೋಲ್ ಬಂಕಿನ ಮಾತು.

ಒಂದೇ ತರಹ ಕಾಣುವ ಜೋಡಿಗಳು

ಕಾಲ್ ಆಫ್ ಮತ್ತು ಪುಟ್ ಆಫ್. ಮಳೆ ಬಂದು ಚಿನ್ನಸ್ವಾಮಿ ಮೈದಾನದ ಮ್ಯಾಚು ಪೂರ್ತಿ ರದ್ದಾದರೆ ಕಾಲ್ಡ್ ಆಫ್. ನಾಳೆಗೆ ಹೋದರೆ ಪುಟ್ ಆಫ್. ಬಂದ್‌ಗೆ ಕರೆ ಕೊಡುವುದು "ಕಾಲ್ ಫಾರ್ ಎ ಬಂದ್", ಹಿಂತೆಗೆದುಕೊಳ್ಳುವುದು "ಕಾಲ್ ಆಫ್". ಕ್ಯಾನ್ಸಲ್ ಅಂದರೂ ಅರ್ಥ ಬರುತ್ತದೆ, ಆದರೆ ಮುಷ್ಕರದಂಥ ನಡೆಯುತ್ತಿರುವ ವಿಷಯವನ್ನು ನಿಲ್ಲಿಸುವುದಕ್ಕೆ ಕಾಲ್ ಆಫ್ ಚೆನ್ನಾಗಿ ಕೂರುತ್ತದೆ.

ವೇಕ್ ಅಪ್ ಮತ್ತು ಗೆಟ್ ಅಪ್ ಕನ್ನಡದವರಿಗೆ ಸುಲಭ. ಎಚ್ಚರ ಆಗುವುದು ಒಂದು, ಏಳುವುದು ಇನ್ನೊಂದು. ಐದಕ್ಕೆ ಎಚ್ಚರವಾಗಿ ಆರರವರೆಗೆ ಮಲಗಿದಲ್ಲೇ ಮೊಬೈಲ್ ನೋಡುವವರಿಗೆ ಎರಡೂ ಪದ ಬೇಕು.

ಪುಟ್ ಆನ್ ಮತ್ತು ವೇರ್ ಮಾತ್ರ ಉಲ್ಟಾ. ನಮ್ಮಲ್ಲಿ ಎರಡಕ್ಕೂ "ಹಾಕಿಕೊಳ್ಳು" ಸಾಕು. ಹಾಕಿಕೊಳ್ಳುವ ಆ ಕ್ಷಣದ ಕೆಲಸ ಪುಟ್ ಆನ್, ಹಾಕಿಕೊಂಡಿರುವುದು ವೇರ್. ಹೆಲ್ಮೆಟ್ ಹಾಕ್ಕೊ ಅಂತ ಮಗನಿಗೆ ಹೇಳುವಾಗ "ಪುಟ್ ಆನ್ ಯುವರ್ ಹೆಲ್ಮೆಟ್". ಅವನು ಹೆಲ್ಮೆಟ್ ಹಾಕ್ಕೊಂಡಿದ್ದ ಅಂತ ಪೊಲೀಸರಿಗೆ ಹೇಳುವಾಗ "ಹಿ ವಾಸ್ ವೇರಿಂಗ್ ಎ ಹೆಲ್ಮೆಟ್". ಅಲ್ಲಿ "ಪುಟಿಂಗ್ ಆನ್" ಅಂದರೆ ಆಗತಾನೇ ತಲೆಗೆ ಏರಿಸುತ್ತಿದ್ದ ಅಂತ ಅರ್ಥವಾಗಿ ಕೇಸೇ ಬದಲಾಗಬಹುದು.

ನಿಭಾಯಿಸು ಅನ್ನುವುದಕ್ಕೆ "ಕೋಪ್ ಅಪ್ ವಿತ್" ಬೇಡ, "ಕೋಪ್ ವಿತ್" ಸಾಕು. ಅಪ್ ಬೇಕಾದದ್ದು "ಕೀಪ್ ಅಪ್ ವಿತ್"ಗೆ, ಅಂದರೆ ಹಿಂದೆ ಬೀಳದೆ ಸಮಕ್ಕೆ ಹೋಗು ಅನ್ನುವುದಕ್ಕೆ.

ಇಟ್, ಮಿ ಇಂಥವನ್ನು ಎಲ್ಲಿಡುವುದು: ನಡುವೆಯೋ, ಕೊನೆಗೋ

"ಟರ್ನ್ ಆಫ್ ದಿ ಫ್ಯಾನ್" ಸರಿ. "ಟರ್ನ್ ದಿ ಫ್ಯಾನ್ ಆಫ್" ಕೂಡ ಸರಿ. ಆದರೆ ಫ್ಯಾನ್ ಬದಲು "ಇಟ್" ಬಂದರೆ "ಟರ್ನ್ ಇಟ್ ಆಫ್" ಒಂದೇ ದಾರಿ. "ಟರ್ನ್ ಆಫ್ ಇಟ್" ಆಗುವುದಿಲ್ಲ. "ಪಿಕ್ ಮಿ ಅಪ್ ಅಟ್ ಸಿಕ್ಸ್" ಸರಿ, "ಪಿಕ್ ಅಪ್ ಮಿ" ತಪ್ಪು. ಇಟ್, ಮಿ, ಹಿಮ್, ಹರ್, ದೆಮ್ ತರಹದ ಚಿಕ್ಕ ಪದಗಳು ನಡುವೆಯೇ ಕೂರಬೇಕು.

ತೊಂದರೆ ಏನೆಂದರೆ ಎಲ್ಲ ಫ್ರೇಸಲ್ ವರ್ಬ್‌ಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. "ಲುಕ್ ಆಫ್ಟರ್ ದೆಮ್" ಸರಿ, "ಲುಕ್ ದೆಮ್ ಆಫ್ಟರ್" ತಪ್ಪು. ಯಾವುದು ಬಿಡಿಸಿಕೊಳ್ಳುತ್ತದೆ ಅಂತ ತಿಳಿಯಲು ಕಿವಿಯ ಸಹಾಯ ಸಿಗುತ್ತದೆ. ಇಂಗ್ಲಿಷ್ ಆಡುವವರು "ಟರ್ನ್ ಇಟ್ ಆಫ್" ಅನ್ನುವಾಗ ಒತ್ತು ಆಫ್ ಮೇಲೆ ಬೀಳುತ್ತದೆ. "ಲುಕ್ ಅಟ್ ಇಟ್" ಅನ್ನುವಾಗ ಒತ್ತು ಲುಕ್ ಮೇಲೆ, ಅಟ್ ಕೇಳಿಸಿದರೂ ಕೇಳಿಸದ ಹಾಗೆ ಹೋಗುತ್ತದೆ. ಪುಟ್ಟ ಪದಕ್ಕೆ ಒತ್ತು ಬಿದ್ದರೆ ಸಾಮಾನ್ಯವಾಗಿ ನಡುವೆ ಜಾಗ ಇದೆ ಅಂತ. ಮೂರು ಪದಗಳವು, ಅಂದರೆ ರನ್ ಔಟ್ ಆಫ್, ಪುಟ್ ಅಪ್ ವಿತ್, ಲುಕ್ ಫಾರ್ವರ್ಡ್ ಟು ಇಂಥವನ್ನು ಬಿಡಿಸಲು ಹೋಗಬೇಡಿ. ಲುಕ್ ಫಾರ್ವರ್ಡ್ ಟು ಆದಮೇಲೆ "ಮೀಟ್" ಅಲ್ಲ, "ಮೀಟಿಂಗ್" ಬರುತ್ತದೆ. "ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು". ಕೆಲಸಕ್ಕೆ ಅರ್ಜಿ ಹಾಕುವ ಇಮೇಲ್‌ನ ಕೊನೆಯ ಸಾಲಿನಲ್ಲಿ ಬಹಳ ಜನ ಎಡವುವುದು ಇಲ್ಲೇ.

ಕಲಿಯುವುದು ಹೇಗೆ: ಮೂರು ದಾರಿ

ಒಂದು, ಕ್ರಿಯಾಪದ ಹಿಡಿದು ಕಲಿಯುವುದು. ಗೆಟ್ ಅಪ್, ಗೆಟ್ ಆನ್, ಗೆಟ್ ಓವರ್, ಗೆಟ್ ಬೈ ಅಂತ ಸಾಲಾಗಿ. ಪುಸ್ತಕಗಳು ಹೆಚ್ಚಾಗಿ ಹೀಗೆಯೇ ಇರುತ್ತವೆ. ನಾನು ಇದನ್ನು ಹೇಳಿಕೊಡುವುದಿಲ್ಲ. ಒಂದೇ ತರಹ ಕೇಳುವ ಹತ್ತು ಪದ ಒಟ್ಟಿಗೆ ತಲೆಗೆ ಹಾಕಿದರೆ ಹತ್ತೂ ಕಲಸಿಹೋಗುತ್ತವೆ.

ಎರಡು, ಪುಟ್ಟ ಪದ ಹಿಡಿದು ಕಲಿಯುವುದು. ಅಪ್‌ನಲ್ಲಿ ಪೂರ್ತಿ ಮುಗಿಸುವ ಅರ್ಥ ಬರುತ್ತದೆ: ಈಟ್ ಅಪ್, ಯೂಸ್ ಅಪ್, ಫಿನಿಶ್ ಅಪ್. ಡೌನ್‌ನಲ್ಲಿ ಕಡಿಮೆಯಾಗುವುದು: ಸ್ಲೋ ಡೌನ್, ಟರ್ನ್ ಡೌನ್, ಕಾಮ್ ಡೌನ್. ಆನ್‌ನಲ್ಲಿ ಮುಂದುವರಿಯುವುದು: ಕ್ಯಾರಿ ಆನ್, ಗೋ ಆನ್. ಓದಿ ಅರ್ಥಮಾಡಿಕೊಳ್ಳಲು, ಹೊಸದು ಎದುರಾದಾಗ ಊಹಿಸಲು ಇದು ಬಹಳ ಒಳ್ಳೆಯದು. ಪರೀಕ್ಷೆಗೆ ಓದುವವರಿಗೆ ಇದೇ ಸರಿ. ಆದರೆ ಮಾತಾಡುವಾಗ ಪದ ತಾನಾಗಿ ಬಾಯಿಗೆ ಬರಲು ಇದು ಸಾಕಾಗುವುದಿಲ್ಲ.

ಮೂರು, ಸಂದರ್ಭ ಹಿಡಿದು ಕಲಿಯುವುದು. ಬೆಳಿಗ್ಗೆ ಎದ್ದಾಗಿನಿಂದ ಆಫೀಸು ತಲುಪುವವರೆಗೆ ಏನೇನು ಮಾಡುತ್ತೀರೋ ಅಷ್ಟನ್ನೇ ಹೇಳಿಕೊಳ್ಳಿ. "ಐ ವೋಕ್ ಅಪ್ ಲೇಟ್. ವಿ ಹ್ಯಾಡ್ ರನ್ ಔಟ್ ಆಫ್ ಮಿಲ್ಕ್. ಐ ಡ್ರಾಪ್ಡ್ ಮೈ ಡಾಟರ್ ಆಫ್ ಅಟ್ ಸ್ಕೂಲ್, ಗಾಟ್ ಆನ್ ದಿ ಮೆಟ್ರೋ ಅಂಡ್ ಗಾಟ್ ಆಫ್ ಅಟ್ ಇಂದಿರಾನಗರ." ಮೂರು ವಾಕ್ಯದೊಳಗೆ ಐದು ಫ್ರೇಸಲ್ ವರ್ಬ್ ಬಂದವು, ಒಂದೂ ಇನ್ನೊಂದರ ಜೊತೆ ಕಲಸಿಹೋಗಲಿಲ್ಲ. ಮಾತಾಡಲು ಕಲಿಯುವವರಿಗೆ ನಾನು ಆರಿಸಿಕೊಡುವುದು ಈ ದಾರಿ. ಅಡುಗೆಮನೆ, ಫೋನು, ಬಸ್ಸು, ಡಾಕ್ಟರ ಷಾಪು ಇಷ್ಟು ಸಂದರ್ಭ ಗಟ್ಟಿಯಾದರೆ ದಿನ ಸಾಗುತ್ತದೆ.

ಅನುಮಾನ ಬಂದಾಗ ನಿಘಂಟು ನೋಡುವುದಾದರೆ ಕೇಂಬ್ರಿಡ್ಜ್‌ನಂಥ ಕಲಿಯುವವರ ನಿಘಂಟು ನೋಡಿ, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಫ್ರೇಸಲ್ ವರ್ಬ್ ಪಕ್ಕ ಸಮ್‌ಥಿಂಗ್, ಸಮ್‌ವನ್ ತರಹದ ಪದ ಬರೆದಿರುತ್ತಾರೆ. ಅದು ಟರ್ನ್ ಮತ್ತು ಆಫ್ ನಡುವೆ ಇದ್ದರೆ ಬಿಡಿಸಿಕೊಳ್ಳುತ್ತದೆ ಅಂತ, ಲುಕ್ ಆಫ್ಟರ್ ಎರಡೂ ಆದಮೇಲೆ ಇದ್ದರೆ ಬಿಡಿಸಿಕೊಳ್ಳುವುದಿಲ್ಲ ಅಂತ. ಪಕ್ಕದಲ್ಲೇ "ಇನ್‌ಫಾರ್ಮಲ್" ಅಂತ ಬರೆದಿದ್ದರೆ ಆ ಪದವನ್ನು ಸ್ನೇಹಿತರ ವಾಟ್ಸಾಪ್‌ಗೆ ಇಟ್ಟುಕೊಳ್ಳಿ. ಏನೂ ಬರೆದಿಲ್ಲದಿದ್ದರೆ ಮ್ಯಾನೇಜರ್‌ಗೆ ಕಳಿಸುವ ಇಮೇಲ್‌ನಲ್ಲೂ ಬಳಸಬಹುದು.